ಕಳ್ಳನ ಹಾಡು ಎಲ್ಲಿ ಹೋಯಿತು

ವಯನಾಡಿನ ಮೀನಂಗಡಿಯಿಂದ ಮೈಸೂರಿಗೆ ನಾಟಕ ನೋಡಲು ಹೋಗುವುದು ಒಂದು ಸಂಜೆಯ ಕೆಲಸವಲ್ಲ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆಗೆ ಗೇಟು ಬೀಳುತ್ತದೆ, ಬೆಳಿಗ್ಗೆ ಆರಕ್ಕೆ ಏಳುತ್ತದೆ. 2009ರಿಂದ ಹೀಗೆಯೇ. ಆನೆ ಜಿಂಕೆಗಳು ರಸ್ತೆ ದಾಟುವ ಹೊತ್ತು ಅದು, ಅವಕ್ಕೆ ಬಿಟ್ಟುಕೊಡಬೇಕಾದ್ದೇ. ಆದರೆ ಆರೂವರೆಗೆ ಶುರುವಾದ ನಾಟಕ ಎಂಟೂವರೆಗೆ ಮುಗಿದರೂ ನಾವು ಗುಂಡ್ಲುಪೇಟೆ ದಾಟುವಷ್ಟರಲ್ಲಿ ಗೇಟು ಹಾಕಿಯಾಗಿರುತ್ತದೆ. ಹಾಗಾಗಿ ಟಿಕೆಟ್ಟಿನ ಜೊತೆಗೆ ಲಾಡ್ಜಿನ ಖರ್ಚು, ಮರುದಿನದ ಅರ್ಧ ಹೊತ್ತು, ಕಣದಲ್ಲಿ ಒಣಗುತ್ತಿರುವ ಕಾಫಿಗೆ ಒಬ್ಬರ ಕಾವಲು, ಎಲ್ಲವನ್ನೂ ಲೆಕ್ಕ ಹಾಕಿಯೇ ಹೊರಡಬೇಕು.

ಈ ಸಲ ನಾನು ಲೆಕ್ಕ ಹಾಕಲಿಲ್ಲ. ಚಾಮರಾಜನಗರದಿಂದ ತಮ್ಮ ಫೋನು ಮಾಡಿ, "ಅಕ್ಕಾ, ಮೈಸೂರಲ್ಲಿ ಸದಾರಮೆ ಆಡ್ತಾರಂತೆ, ಹೊಸ ಹುಡುಗರು ಕಟ್ಟಿದ್ದಾರಂತೆ" ಅಂದ. ಅಷ್ಟು ಸಾಕಾಯಿತು. ನಾನು, ಯಜಮಾನರು, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು, ಪಕ್ಕದ ತೋಟದ ಮಾಷ್, ಹೀಗೆ ಐದು ಜನ ಮಧ್ಯಾಹ್ನದ ಊಟ ಮುಗಿಸಿ ಜೀಪು ಹತ್ತಿದೆವು.

ನಾನು ಸದಾರಮೆಯನ್ನು ಮೊದಲು ನೋಡಿದಾಗ ನನಗೂ ಒಂಬತ್ತೇ ವರ್ಷ. ನಂಜನಗೂಡಿನ ದೊಡ್ಡ ಜಾತ್ರೆಗೆ ಒಂದು ನಾಟಕ ಕಂಪನಿ ಬಂದು ಕ್ಯಾಂಪು ಹಾಕಿತ್ತು. ಚಾಮರಾಜನಗರದಿಂದ ಪುಟ್ಟ ರೈಲಿನಲ್ಲಿ ಅಜ್ಜ ನನ್ನನ್ನು ಕರೆದುಕೊಂಡು ಹೋಗಿದ್ದರು. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಅಜ್ಜ ನಾಲ್ಕೂವರೆಗೆ ಕಟ್ಟಿಸಿಕೊಂಡು ಬಂದ ಬುತ್ತಿ ಉಂಡವರು ಬೆಳಗಿನ ಜಾವದವರೆಗೆ ಏನನ್ನೂ ಬಾಯಿಗೆ ಹಾಕದೆ ಕೂತು ನಾಟಕ ನೋಡಿದರು. ಕುರ್ಚಿ, ಬೆಂಚು, ಚಾಪೆ ಎಂದು ಮೂರು ದರ್ಜೆ. ನಾವು ಚಾಪೆ. ಚಾಪೆಯವರಿಗೆ ಒಂದು ಅನುಕೂಲವಿತ್ತು: ಹಾರ್ಮೋನಿಯಂ ಮಾಸ್ಟರು ನಮಗೆ ಕೈಯಳತೆಯಲ್ಲಿದ್ದರು. ಕಾಲಿನಿಂದ ತುಳಿಯುವ ಹಾರ್ಮೋನಿಯಂ ಅದು, ಎರಡೂ ಕೈ ಮನೆಗಳ ಮೇಲೆಯೇ ಓಡಾಡಲು ಬಿಡುವಾಗಿರುತ್ತವೆ. ನಾನು ಅರ್ಧ ನಾಟಕವನ್ನು ಅವರ ಪಾದಗಳಲ್ಲೇ ನೋಡಿದೆ. ಪಾತ್ರದವಳು ಉಸಿರೆಳೆದುಕೊಳ್ಳುವಾಗ ಪಾದ ನಿಧಾನವಾಗುತ್ತಿತ್ತು, ಮೇಲಿನ ಷಡ್ಜಕ್ಕೆ ಏರುವಾಗ ಬಿರುಸಾಗುತ್ತಿತ್ತು.

ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ವ್ಯಾಪಾರಿಯ ಮಗಳು ಸದಾರಮೆ ರಾಜಕುಮಾರನ ಕೈಹಿಡಿಯುತ್ತಾಳೆ, ಅಪ್ಪನ ದುರಾಸೆಯಿಂದ ಗಂಡ ರಾಜ್ಯ ಕಳೆದುಕೊಳ್ಳುತ್ತಾನೆ, ಇಬ್ಬರೂ ದಿಕ್ಕಿಲ್ಲದೆ ಅಲೆಯುತ್ತಾರೆ, ಅವಳ ಮೇಲೆ ಇನ್ನೊಬ್ಬ ರಾಜನ ಕಣ್ಣು ಬೀಳುತ್ತದೆ, ಅಲ್ಲಿಂದ ಪಾರಾದರೆ ಕಳ್ಳನ ಕೈಗೆ ಸಿಕ್ಕಿಬೀಳುತ್ತಾಳೆ. ಕತ್ತಿ ಹಿಡಿದು ಯಾರೂ ಅವಳನ್ನು ಬಿಡಿಸಲು ಬರುವುದಿಲ್ಲ. ತನ್ನ ಬುದ್ಧಿಯಿಂದಲೇ ಒಬ್ಬೊಬ್ಬರಿಂದ ತಪ್ಪಿಸಿಕೊಂಡು, ಗಂಡುಡುಗೆ ತೊಟ್ಟು, ಕೊನೆಗೆ ಗಂಡನನ್ನು ಸೇರುತ್ತಾಳೆ. ಅಷ್ಟು ಹೊತ್ತು ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದವರು ಕಳ್ಳ ಬಂದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಳ್ಳನ ಹಾಡಿಗೆ ಅವತ್ತು ಮೂರು ಸಲ ವನ್ಸ್‌ಮೋರ್ ಬಿತ್ತು. ಮೂರನೆಯ ಸಲ ನನ್ನಜ್ಜ, ಮನೆಯಲ್ಲಿ ಗಟ್ಟಿಯಾಗಿ ಮಾತಾಡದಿದ್ದ ಅಜ್ಜ, ಎದ್ದು ನಿಂತು ಕೂಗಿದ್ದರು.

ಗುಬ್ಬಿ ಕಂಪನಿಯ ಸದಾರಮೆಯನ್ನು ಅಜ್ಜ ಹರೆಯದಲ್ಲಿ ನೋಡಿದ್ದರು. ಅದನ್ನು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. 1884ರಲ್ಲಿ ಹುಟ್ಟಿದ ಆ ಸಂಘಕ್ಕೆ ಹುಡುಗನಾಗಿದ್ದಾಗಲೇ ಸೇರಿ, ಮುಂದೆ ಅದರ ಒಡೆಯರಾದ ವೀರಣ್ಣನವರು ಇದೇ ನಾಟಕದಲ್ಲಿ ಪೆದ್ದ ಆದಿಮೂರ್ತಿಯೂ ಆಗುತ್ತಿದ್ದರು, ಕಳ್ಳನೂ ಆಗುತ್ತಿದ್ದರು. ಒಂದೇ ರಾತ್ರಿ ಒಬ್ಬನೇ ನಟ ಎರಡು ಬಗೆಯಲ್ಲಿ ನಗಿಸುವುದು. ಆದಿಮೂರ್ತಿಗೆ ತಾನು ಪೆದ್ದ ಎಂಬುದು ಗೊತ್ತಿಲ್ಲ, ಕಳ್ಳನಿಗೆ ತಾನು ಜಾಣ ಎಂಬ ಭ್ರಮೆ. "ವೀರಣ್ಣ ನಗ್ತಿರಲಿಲ್ಲ ಕಣಮ್ಮ, ನಾವು ನಗ್ತಿದ್ವು" ಅನ್ನುತ್ತಿದ್ದರು ಅಜ್ಜ. ಈ ಮಾತು ಮೈಸೂರಿನ ಆ ಸಂಜೆ ನನಗೆ ಮತ್ತೆ ಮತ್ತೆ ನೆನಪಾಯಿತು.

ಮದುವೆಯಾಗಿ ವಯನಾಡಿಗೆ ಬಂದಾಗ ಕನ್ನಡ ಹಿಂದೆಯೇ ಉಳಿಯಿತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಇಲ್ಲಿನ ಜೈನ ಗೌಡರ ಮನೆಗಳಿಗೆ ಕನ್ನಡ ಹಳೆಯ ನಂಟು. ನಮಗೆ ಹತ್ತಿರದ ವರದೂರಿನಲ್ಲಿ ಅನಂತನಾಥರ ಬಸದಿ ಇದೆ, ಕಲ್ಪೆಟ್ಟದ ಬಳಿ ಪುಳಿಯಾರ್‌ಮಲೆಯಲ್ಲಿದೆ, ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿಯಂತೂ ದೂರದೂರದಿಂದ ಜನ ಬಂದು ನೋಡುವಂಥದ್ದು. ಬತ್ತೇರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಹೆಸರೂ ಇತ್ತಂತೆ. ಆ ಹೆಸರು ಕೇಳಿದ ದಿನ ನನಗೆ ತವರಿನ ಯಾರೋ ದಾರಿಯಲ್ಲಿ ಎದುರಾದ ಹಾಗಾಗಿತ್ತು. ಮಲಯಾಳಂನ ದೊಡ್ಡ ಲೇಖಕ, ಮಾತೃಭೂಮಿಯನ್ನು ಬಹುಕಾಲ ನಡೆಸಿದ ಎಂ. ಪಿ. ವೀರೇಂದ್ರಕುಮಾರ್ ಈ ಸಮುದಾಯದವರೇ. ಅವರ ತಂದೆ ಪದ್ಮಪ್ರಭ ಗೌಡರು. ಹೊರಗೆ ಮಲಯಾಳಂ ಎಷ್ಟೇ ಚೆನ್ನಾಗಿ ಬರಲಿ, ಒಳಗೆ ಅಡುಗೆಮನೆಯಲ್ಲಿ, ಪೂಜೆಯ ಕೋಣೆಯಲ್ಲಿ ನಮ್ಮ ಮಾತು ಉಸಿರಾಡುತ್ತಿತ್ತು. ನಮ್ಮತ್ತೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಗ್ರಾಮಫೋನು ಕೆಟ್ಟು ಎಷ್ಟೋ ವರ್ಷವಾಗಿ ಪ್ಲೇಟುಗಳು ಮೂಕವಾಗಿದ್ದವು. ಅತ್ತೆಗೆ ಅವುಗಳ ಅಗತ್ಯವಿರಲಿಲ್ಲ. ಮೆಣಸು ಬಿಡಿಸುತ್ತಾ ಕೂತರೆ ನಾಟಕದ ಹಾಡುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸದಾರಮೆ 1935ರಲ್ಲಿ ಟಾಕಿಯಾಗಿಯೂ ಬಂದಿತ್ತು, ವೀರಣ್ಣನವರೇ ಅದರಲ್ಲಿ ಇದ್ದರು, ಕೆ. ಅಶ್ವತ್ಥಮ್ಮ ಸದಾರಮೆ. ಅತ್ತೆ ಆ ಟಾಕಿಯನ್ನು ನೋಡಿರಲಿಲ್ಲ, ಹಾಡುಗಳು ಮಾತ್ರ ಹೇಗೋ ಘಟ್ಟ ಹತ್ತಿ ಅವರ ಬಾಯಿಗೆ ಬಂದು ಸೇರಿದ್ದವು.

ಮಾಷ್ ನಮ್ಮ ಜೊತೆ ಹೊರಟದ್ದಕ್ಕೆ ಕಾರಣ ಇದೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೆ ಸದಾರಮೆ ಅವರದೂ ಹೌದು. ಪರವೂರಿನ ಕೆ. ಸಿ. ಕೇಶವ ಪಿಳ್ಳೆಯವರು ಬರೆದ ಸಂಗೀತ ನಾಟಕ 'ಸದಾರಾಮ' ಕಳೆದ ಶತಮಾನದ ಆರಂಭದಲ್ಲಿ ಕೇರಳವನ್ನೆಲ್ಲ ಹುಚ್ಚು ಹಿಡಿಸಿತ್ತು. ತಮಿಳು ಕಂಪನಿಗಳು ಹಾರ್ಮೋನಿಯಂ ಹೊತ್ತು ಊರೂರು ತಿರುಗಿದ ಕಾಲ. ಅವರ ದಾರಿಯಲ್ಲಿ ಈ ಹುಡುಗಿಯ ಕತೆ ಗಡಿಗಳನ್ನು ದಾಟಿತು. ಹೆಣ್ಣುಪಾತ್ರ ಮಾಡುವ ಗಂಡಸರ ಕಾಲವೂ ಹೌದು ಅದು. ಓಚ್ಚಿರ ವೇಲುಕ್ಕುಟ್ಟಿಯವರ ಹೆಸರು ಹೇಳಿದರೆ ಇಲ್ಲಿನ ಮುದುಕರ ಮುಖ ಈಗಲೂ ಅರಳುತ್ತದೆ. ತೆಂಕಣ ತಿರುವಿದಾಂಕೂರಿನಿಂದ ವಲಸೆ ಬಂದು ಇಲ್ಲಿ ಕಾಡು ಕಡಿದು ತೋಟ ಮಾಡಿದವರ ಮನೆಯ ಮಗ ಮಾಷ್. ಅವರ ತಾಯಿ ಮರಗೆಣಸಿನ ಹೊಲದಲ್ಲಿ ಸದಾರಾಮದ ಹಾಡು ಹೇಳಿಕೊಳ್ಳುತ್ತಿದ್ದರಂತೆ. "ಚೇಚಿ, ಭಾಷೆ ಬೇಡ, ಪಾಟ್ಟು ಕೇಳಿದರೆ ಸಾಕು" ಅಂದಿದ್ದರು ಜೀಪಿನಲ್ಲಿ. ಎಪ್ಪತ್ತನಾಲ್ಕು ವರ್ಷದವರು, ಮಂಡಿ ನೋವಿನವರು.

ಇನ್ನು ಮೊಮ್ಮಗಳು. ಶಾಲೆಯಲ್ಲಿ ಮಲಯಾಳಂ, ಇಂಗ್ಲಿಷ್, ಹಿಂದಿ. ಕನ್ನಡ ಅವಳಿಗೆ ಕಿವಿಯ ಭಾಷೆ ಮಾತ್ರ. ನಾನು ಕಲಿಸಲು ಕೂತ ಅಕ್ಷರಮಾಲೆ ಒಂದು ಪರೀಕ್ಷೆಯ ಗಡಿಬಿಡಿಯಲ್ಲಿ ನಡುವೆಯೇ ನಿಂತುಹೋಯಿತು. ಪುಸ್ತಕದ ಬಾಗಿಲಿನಿಂದ ಅವಳನ್ನು ಕನ್ನಡಕ್ಕೆ ಕರೆತರಲು ನನ್ನಿಂದ ಆಗಲಿಲ್ಲ. ಹಾಡಿನ ಬಾಗಿಲು ಇದೆಯಲ್ಲ ಎಂದು ನಂಬಿಕೊಂಡಿದ್ದೆ. ಕಂಪನಿಯ ಕರಪತ್ರಗಳಲ್ಲಿ ಸಕುಟುಂಬ ಸಪರಿವಾರ ದಯಮಾಡಿಸಬೇಕು ಅಂತ ಇರುತ್ತಿತ್ತು. ಅದು ಬರೀ ಉಪಚಾರದ ಮಾತಾಗಿರಲಿಲ್ಲ. ಮಗುವಿಗೆ ಕಳ್ಳ, ಹೆಂಗಸರಿಗೆ ಸದಾರಮೆಯ ಕಷ್ಟ, ಗಂಡಸರಿಗೆ ರಾಗ, ಮುದುಕರಿಗೆ ನೆನಪು, ಎಲ್ಲರಿಗೂ ಒಂದೇ ಚಪ್ಪರದಡಿ ಏನಾದರೊಂದು ಸಿಗುತ್ತಿತ್ತು.

ರಂಗಮಂದಿರ ತುಂಬಿತ್ತು. ನನ್ನ ವಯಸ್ಸಿನವರೇ ಹೆಚ್ಚು. ಅನೇಕರು ಮೊಮ್ಮಕ್ಕಳನ್ನು ಕರೆತಂದಿದ್ದರು. ಮಲ್ಲಿಗೆಯ ವಾಸನೆ, ರೇಷ್ಮೆ ಸೀರೆಯ ಸರಬರ. ಮದುವೆಮನೆಯ ಹಾಗಿತ್ತು. ನಾನು ಮೊದಲು ನೋಡಿದ್ದು ವೇದಿಕೆಯ ಪಕ್ಕ. ಹಾರ್ಮೋನಿಯಂ ಇರಲಿಲ್ಲ. ತಬಲಾ ಇರಲಿಲ್ಲ. ಎರಡು ಕಪ್ಪು ಸ್ಪೀಕರುಗಳಿದ್ದವು. ಒಳಗೆಲ್ಲೋ ಇರಬಹುದು ಅಂದುಕೊಂಡೆ. ನಾಂದಿ ಶುರುವಾದಾಗ ಗೊತ್ತಾಯಿತು, ಸಂಗೀತವೆಲ್ಲ ಮುಂಚೆಯೇ ಧ್ವನಿಮುದ್ರಿಸಿದ್ದು. ಹುಡುಗರು ಕಿವಿಯ ಪಕ್ಕ ಮೈಕು ಸಿಕ್ಕಿಸಿಕೊಂಡು ಅದರ ಹಿಂದೆ ಓಡುತ್ತಿದ್ದರು. ಒಬ್ಬ ಹುಡುಗ ಒಂದು ಸಂಗತಿಯನ್ನು ಚೆನ್ನಾಗಿ ಹಿಡಿದ, ಸಭೆ ಚಪ್ಪಾಳೆ ತಟ್ಟಿತು, ಅವನು ಒಂದು ಕ್ಷಣ ನಿಲ್ಲಲು ಹೋದ. ಹಾಡು ನಿಲ್ಲಲಿಲ್ಲ. ಅವನನ್ನು ಬಿಟ್ಟು ಮುಂದೆ ಹೋಯಿತು. ಅವನ ಮುಖದಲ್ಲಿ ಆಗ ಕಂಡ ಗಾಬರಿಯನ್ನು ನಾನು ಮರೆಯಲಾರೆ. ವನ್ಸ್‌ಮೋರ್ ಎಂದು ಕೂಗಿದರೆ ಯಾರನ್ನು ಕೂಗುವುದು? ನನ್ನ ಮುಂದಿನ ಸಾಲಿನ ಹಿರಿಯರೊಬ್ಬರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಅದನ್ನೂ ಸಹಿಸಬಹುದಿತ್ತು. ವಾದ್ಯದವರಿಗೆ ಕೊಡಲು ದುಡ್ಡು ಬೇಕು, ಇಂದಿನ ತಂಡಗಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಸಹಿಸಲಾಗದ್ದು ಇನ್ನೊಂದು. ಅವರು ನಾಟಕವನ್ನು ಆಡುತ್ತಿರಲಿಲ್ಲ, ನಾಟಕವನ್ನು ಅಣಕಿಸುತ್ತಿದ್ದರು. ರಾಜಕುಮಾರ ಕೈ ಎತ್ತಿ ಗ್ರಾಂಥಿಕ ಮಾತು ಶುರು ಮಾಡಿದ ಕೂಡಲೇ ಪಕ್ಕದವನು ಸಭೆಯ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಸದಾರಮೆ ಅಳುವಾಗ ಹಿಂದೆ ಒಬ್ಬ ದೊಡ್ಡ ಕರವಸ್ತ್ರ ಬೀಸುತ್ತಿದ್ದ. ಕಳ್ಳ ಬಂದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಮೊಮ್ಮಗಳ ಕೈ ಹಿಡಿದು "ಈಗ ನೋಡು" ಅಂದೆ. ಕಳ್ಳ ಕಪ್ಪು ಕನ್ನಡಕ ಹಾಕಿಕೊಂಡು, ಈಚಿನ ಸಿನಿಮಾ ಹಾಡೊಂದರ ತಾಳಕ್ಕೆ ಕುಣಿದು, ಮೊಬೈಲು ಫೋನಿನ ಬಗ್ಗೆ ಒಂದು ಮಾತಾಡಿ ಹೋಗಿಬಿಟ್ಟ. ಅವನ ಹಾಡು ಬರಲೇ ಇಲ್ಲ.

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು, ನಿಜ. ನಗಿಸುವುದಷ್ಟೇ ಗುರಿಯಾಗಿದ್ದರೆ ಅವರು ಗೆದ್ದರು. ಅಜ್ಜ ಕಂಡ ವೀರಣ್ಣನವರು ನಗುತ್ತಿರಲಿಲ್ಲ. ಕಳ್ಳನ ಪಾತ್ರಧಾರಿ ತಾನು ದೊಡ್ಡ ಕಳ್ಳನೆಂದು ಮನಸಾರೆ ನಂಬಿದರೆ ಮಾತ್ರ ಆ ಹುಡುಗಿ ಅವನನ್ನು ಏಮಾರಿಸಿದ್ದಕ್ಕೆ ಅರ್ಥ ಬರುತ್ತದೆ. ಇವನೇ ಮೊದಲು ತನ್ನನ್ನು ಗೇಲಿ ಮಾಡಿಕೊಂಡರೆ ಅವಳು ಗೆಲ್ಲುವುದಕ್ಕೆ ಏನು ಉಳಿಯಿತು? ಅವಳ ಬುದ್ಧಿಯೇ ಈ ನಾಟಕದ ಬೆನ್ನುಮೂಳೆ. ನೂರು ವರ್ಷದ ಹಿಂದೆ, ಹೆಂಗಸರು ಬಣ್ಣ ಹಚ್ಚುವುದೇ ಅಪರೂಪವಾಗಿದ್ದ ಕಾಲದಲ್ಲಿ, ಜನ ರಾತ್ರಿಯಿಡೀ ಕೂತು ಒಬ್ಬ ಹುಡುಗಿ ಬುದ್ಧಿಯಿಂದ ಗೆಲ್ಲುವುದನ್ನು ನೋಡಿ ಖುಷಿಪಟ್ಟರು. ಇಂದಿನವರಿಗೆ ಬೇಕಾದ ಹೊಸತು ಅಲ್ಲೇ ಇತ್ತು, ಕಪ್ಪು ಕನ್ನಡಕ ಬೇಕಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಕಂಪನಿ ನಾಟಕದಲ್ಲಿ ಪರದೆಗೆ ಒಂದು ಲೆಕ್ಕವಿತ್ತು. ದರ್ಬಾರು, ಅರಮನೆ, ಕಾಡು ಇವೆಲ್ಲ ರಂಗದ ಪೂರ್ತಿ ಆಳ ಬೇಡುವ ಸೀನುಗಳು. ಅವನ್ನು ಹಿಂದೆ ಸಜ್ಜುಮಾಡುವಾಗ ಮುಂದೆ ರಸ್ತೆಯ ಪರದೆ ಇಳಿಬಿಟ್ಟು, ಅದರೆದುರು ಹಾಸ್ಯದವರು ಬಂದು ಆಡುತ್ತಿದ್ದರು. ಹಿಂದೆ ಸುತ್ತಿಗೆಯ ಸದ್ದು, ಸಿಂಹಾಸನ ಎಳೆಯುವ ಸದ್ದು. ಆದಿಮೂರ್ತಿ ಅದಕ್ಕಿಂತ ಗಟ್ಟಿಯಾಗಿ ಹಾಡಬೇಕು. ಅನುಕೂಲಕ್ಕೆ ಹುಟ್ಟಿದ್ದು ನಾಟಕಕ್ಕೆ ಉಸಿರಾಟವಾಯಿತು: ಒಂದು ಅಳುವ ಸೀನು, ಒಂದು ನಗುವ ಸೀನು, ಮತ್ತೆ ಅಳು. ಈಗ ದೀಪ ಆರಿಸಿ ಹೊತ್ತಿಸಿದರೆ ಅರಮನೆ ಕಾಡಾಗುತ್ತದೆ. ರಸ್ತೆಯ ಪರದೆ ಬೇಡ, ಹಾಗಾಗಿ ಅದರ ಮುಂದಿನ ದೃಶ್ಯಗಳೂ ಬೇಡ ಎಂದು ತೆಗೆದಿದ್ದರು. ನಗು ತನ್ನ ಜಾಗ ಕಳೆದುಕೊಂಡು ಅಳುವ ಸೀನಿನೊಳಗೇ ನುಗ್ಗಿತು. ಕರವಸ್ತ್ರ ಬಂದದ್ದು ಆ ದಾರಿಯಲ್ಲಿ ಎಂದು ನನಗನ್ನಿಸುತ್ತದೆ.

ಹಳೆಯದನ್ನು ಹಾಗೇ ಒಣಗಿಸಿಡಬೇಕು ಎನ್ನುವವಳಲ್ಲ ನಾನು. ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಬಿ. ವಿ. ಕಾರಂತರು ಮುಂದೆ ಎಷ್ಟು ಹೊಸ ಬಗೆಯಲ್ಲಿ ನಾಟಕಕ್ಕೆ ಸಂಗೀತ ಕೊಟ್ಟರು! 1989ರಲ್ಲಿ ಇದೇ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರು ಅವರು. ಕಂಪನಿಯಲ್ಲಿ ಕಿವಿಗೆ ಬಿದ್ದದ್ದು ಅವರೊಳಗೆ ಬೆಳೆದು ಬೇರೆಯಾಗಿ ಹೊರಬಂತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗಗೀತೆ ಹಾಡಿದ್ದನ್ನು ಒಮ್ಮೆ ಕೇಳಿದ್ದೇನೆ. ಆ ತೆರೆದ ಗಂಟಲು ಹಿಂದಿನ ಸಾಲಿನ ಗೋಡೆಗೆ ತಾಗಿ ವಾಪಸು ಬರುವ ಹಾಗಿತ್ತು. ಅವರಿಬ್ಬರೂ ಬದಲಾಯಿಸಿದ್ದು ಬಹಳ, ನಾಚಿಕೊಂಡದ್ದು ಮಾತ್ರ ಇಲ್ಲ. ಆ ಸಂಜೆ ನಾನು ನೋಡಿದ್ದು ಅಜ್ಜಿಯನ್ನು ಸಭೆಗೆ ಕರೆತಂದು, ಅವಳ ಸೀರೆಯನ್ನು ನೋಡಿ ನಗಬೇಡಿ ಎಂದು ಬೇಡಿಕೊಳ್ಳುವ ಬದಲು ತಾವೇ ಮೊದಲು ನಕ್ಕುಬಿಟ್ಟ ಮೊಮ್ಮಕ್ಕಳನ್ನು.

ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯಿತು. ಜನ ಬೇಗ ಎದ್ದರು. ಮೆಟ್ಟಿಲ ಬಳಿ ಯಾರೂ ಹಾಡು ಗುನುಗುತ್ತಿರಲಿಲ್ಲ. ಒಬ್ಬ ಅಜ್ಜಿ, ಎಂಬತ್ತರ ಮೇಲಾಗಿರಬೇಕು, ಮಗನ ತೋಳು ಹಿಡಿದು ಇಳಿಯುತ್ತಾ "ಇದು ಅದಲ್ಲ ಕಣೋ, ಬೇರೆ ಯಾವುದೋ" ಅನ್ನುತ್ತಿದ್ದರು. ಮಗ "ಅದೇಮ್ಮಾ, ಸದಾರಮೇನೇ" ಎಂದರೂ ಒಪ್ಪಲಿಲ್ಲ. ನಾನು ಅವರ ಪಕ್ಷ.

ಸದಾರಮೆ ಮಾಡಿದ ಹುಡುಗಿ ಬಣ್ಣ ತೊಳೆದುಕೊಂಡು ಹೊರಗೆ ಬಂದಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಅವಳ ಕಂಠ ಒಳ್ಳೆಯದು ಎಂಬುದು ಆ ಮುದ್ರಿತ ವಾದ್ಯಗಳ ನಡುವೆಯೂ ಗೊತ್ತಾಗಿತ್ತು. ಹತ್ತಿರ ಹೋಗಿ, "ಚೆನ್ನಾಗಿ ಹಾಡ್ತೀಯ ಮಗು, ಕಾಡಿನ ಹಾಡು ಯಾಕೆ ಬಿಟ್ಟಿರಿ?" ಎಂದು ಕೇಳಿದೆ. ಅವಳು ಸುತ್ತ ನೋಡಿದಳು. "ನಾಲ್ಕು ತಿಂಗಳು ಕಲ್ತಿದ್ದೆ ಅಮ್ಮಾ, ಮೇಷ್ಟ್ರು ಒಬ್ಬರ ಹತ್ರ ಹೋಗಿ. ಕೊನೇ ವಾರ ತೆಗೆದ್ರು. ಈಗಿನ ಜನ ಅಷ್ಟು ಹೊತ್ತು ಕೂರಲ್ಲ ಅಂದ್ರು." ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತು. ನಾನು ಅವಳ ಕೈ ಹಿಡಿದುಕೊಂಡೆ. ನೂರಕ್ಕೂ ಹೆಚ್ಚು ಕಿಲೋಮೀಟರು, ಕಾಡು ದಾಟಿ ಬಂದವರು ನಾವು, ಇನ್ನೊಂದು ಗಂಟೆ ಕೂರುತ್ತಿರಲಿಲ್ಲವೇ? ಮಂಡಿ ನೋವಿನ ಮಾಷ್ ಕೂರುತ್ತಿರಲಿಲ್ಲವೇ? ಯಾರು ಎಷ್ಟು ಹೊತ್ತು ಕೂರುತ್ತಾರೆ ಎಂದು ನಮ್ಮನ್ನು ಯಾರೂ ಕೇಳಲೇ ಇಲ್ಲ.

ಲಾಡ್ಜಿನಲ್ಲಿ ಯಾರಿಗೂ ಹೆಚ್ಚು ಮಾತು ಬರಲಿಲ್ಲ. ಯಜಮಾನರು ಬಾಳೆಹಣ್ಣನ್ನೂ ಮುಟ್ಟದೆ ಮಲಗಿದರು. ಮಾಷ್ ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದು, "ಅಮ್ಮ ಹೇಳ್ತಿದ್ದ ಒಂದು ಪಾಟ್ಟೂ ಬರಲಿಲ್ಲ ಚೇಚಿ" ಎಂದಷ್ಟೇ ಹೇಳಿದರು. ಕನ್ನಡದ ಮಟ್ಟುಗಳೇ ಬೇರೆ ಇದ್ದಾವು, ನಿಮ್ಮ ಹಾಡು ಬರುವುದು ಹೇಗೆ ಎನ್ನಬಹುದಿತ್ತು. ಅನ್ನಲಿಲ್ಲ. ಅವರು ಕೇಳಲು ಬಂದಿದ್ದು ಏನೆಂದು ನನಗೆ ಗೊತ್ತಿತ್ತು.

ಬೆಳಿಗ್ಗೆ ಐದೂವರೆಗೇ ಕಾಡಿನ ಗೇಟಿನ ಬಳಿ ಸಾಲಿನಲ್ಲಿ ನಿಂತೆವು. ಮುಂದೆ ತರಕಾರಿ ಲಾರಿಗಳು, ಹಿಂದೆ ಕಲ್ಲಿಕೋಟೆಯ ಕಡೆಯ ಕಾರುಗಳು. ಮಂಜು. ಮೊಮ್ಮಗಳು ನನ್ನ ಶಾಲಿನೊಳಗೆ ತೂರಿಕೊಂಡು, "ಅಜ್ಜೀ, ಕಳ್ಳ ನಿಜವಾಗಿ ಏನು ಹಾಡ್ತಾನೆ?" ಎಂದಳು. ನಿದ್ದೆಗಣ್ಣಿನಲ್ಲಿ ಕೇಳಿದ್ದಲ್ಲ, ರಾತ್ರಿಯೆಲ್ಲ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಹಾಡಿದೆ. ಪಲ್ಲವಿ ಬಂತು, ಮುಂದಿನ ಎರಡು ಸಾಲು ಬಂದವು, ಮೂರನೆಯದು ಬರಲಿಲ್ಲ. ಮತ್ತೆ ಮೊದಲಿಂದ ಹಾಡಿದರೂ ಅಲ್ಲಿಗೇ ಬಂದು ನಿಂತೆ. ತಮ್ಮನಿಗೆ ಫೋನು ಮಾಡಿದೆ. ಆ ಹೊತ್ತಿಗೆ ಅವನು ಹಾಲು ತರಲು ಹೊರಟಿದ್ದ. ರಸ್ತೆಯಲ್ಲೇ ನಿಂತು ಉಳಿದ ಸಾಲುಗಳನ್ನು ಹೇಳಿದ. ನಾಟಕದ ಆ ರಾತ್ರಿ ಅವನು ಹುಟ್ಟಿಯೇ ಇರಲಿಲ್ಲ, ಅಜ್ಜನಿಂದ ಕಲಿತದ್ದು. ಫೋನಿನ ಸ್ಪೀಕರು ಹಾಕಿದ್ದೆವು. ಮಾಷ್ ಮುಂದಿನ ಸೀಟಿನಿಂದ ತಿರುಗಿ ಕೂತು ಬೆರಳಲ್ಲಿ ತಾಳ ಹಾಕಿದರು. ಪಕ್ಕದ ಲಾರಿಯ ಹುಡುಗ ಗಾಜು ಇಳಿಸಿ ಕೇಳುತ್ತಿದ್ದ.

ಗೇಟು ಎದ್ದಿತು. ಮೂಲೆಹೊಳೆ ದಾಟಿ ಮುತ್ತಂಗದ ಕಡೆ ಬರುವಾಗ ಮೊಮ್ಮಗಳು ಶಾಲೆಯ ನೋಟುಬುಕ್ಕು ತೆಗೆದು ಹಾಡನ್ನು ಬರೆದುಕೊಳ್ಳತೊಡಗಿದಳು, ಮಲಯಾಳಂ ಅಕ್ಷರದಲ್ಲಿ. ಒಂದೊಂದು ಮಾತನ್ನೂ ಎರಡೆರಡು ಸಲ ಕೇಳಿ, ಬಾಯಲ್ಲಿ ಹೇಳಿಕೊಂಡು ಬರೆದಳು. ಸಾಲಿನ ಕೊನೆಯಲ್ಲಿ ಕಳ್ಳ ದನಿಯನ್ನು ಮೇಲಕ್ಕೆ ಎಳೆದು ಹಿಡಿಯುವ ಜಾಗ ಬಂದಾಗ ಪೆನ್ಸಿಲು ನಿಂತಿತು. "ಇದನ್ನ ಹೇಗೆ ಬರೀಲಿ ಅಜ್ಜಿ?" ನಾನು ಮತ್ತೊಮ್ಮೆ ಎಳೆದು ತೋರಿಸಿದೆ. ಅವಳು ಬೆರಳು ಮಡಿಸಿ ಎಣಿಸಿ, ಒಂದರ ಪಕ್ಕ ಒಂದು ಏಳು 'ಆ' ಬರೆದು ಪುಸ್ತಕವನ್ನು ನನ್ನ ಮುಂದೆ ಹಿಡಿದಳು.

"ಸಾಲದು ಮಗಳೆ" ಅಂದೆ. "ಇನ್ನೆರಡು ಬರಿ."